ಜೂನ್ 30ಕ್ಕೆ ಮುನ್ನ: ವಲಸೆ ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕ (ಭಾನುವಾರ, 13 ಜೂನ್ 2021): ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟು ಹದಿನಾರು ತಿಂಗಳಾಯಿತು. ಒಕ್ಕೂಟದ ದೇಶಗಳ ಪ್ರಜೆಗಳು ಮತ್ತು ಅವರ ಕುಟುಂಬದವರು ಇಲ್ಲಿಯೇ ಉಳಿಯಬೇಕಾದರೆ ಸೆಟಲ್ಡ್ ಸ್ಟೇಟಸ್ ಯೋಜನೆಗೆ ಇದೇ 30ರೊಳಗೆ ಅರ್ಜಿ ಹಾಕಬೇಕು. ಬ್ರಿಟನ್ನಿನ ಕನ್ನಡಿಗರ ನಮ್ಮ ಈ ಗುಂಪಿನಲ್ಲಿಯೂ ಪೋರ್ಚುಗೀಸ್, ಜರ್ಮನ್, ಐರಿಶ್ ಪಾಸ್‌ಪೋರ್ಟಿನವರನ್ನು ಮದುವೆಯಾದವರು ಇದ್ದಾರೆ. ವಲಸೆ ಕಾನೂನಿನ ವಕೀಲರೊಬ್ಬರು ಇಂದು ಸಂಜೆ 4ರಿಂದ ಉತ್ತರಿಸಲು ಒಪ್ಪಿದ್ದಾರೆ. ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ ಹಾಕಬೇಡಿ.

ವಕೀಲರು: ಎಲ್ಲರಿಗೂ ನಮಸ್ಕಾರ. ಕೇಳಿ.

ರೆಡಿಂಗ್ ರಾಯ: ನಮಸ್ಕಾರ ಮೇಡಂ. ನಾನು ಐ.ಟಿ. ಕಂಪನಿಯ ಟಿಯರ್ 2 (ಉದ್ಯೋಗದ) ವೀಸಾದಲ್ಲಿ ಬಂದವನು. ಬ್ರೆಕ್ಸಿಟ್‌ನಿಂದ ನನಗೇನಾದರೂ ತೊಂದರೆ ಇದೆಯೇ?

ವಕೀಲರು: ಇಲ್ಲ. ನಿಮ್ಮ ವೀಸಾ ಬ್ರಿಟನ್ನಿನ ಸ್ವಂತ ಕಾನೂನಿನ ಪ್ರಕಾರ ಕೊಟ್ಟದ್ದು, ಒಕ್ಕೂಟದ ಹಂಗು ಅದಕ್ಕಿಲ್ಲ. ಅದರ ಮೇಲೆ ಯಾವ ದಿನಾಂಕವಿದೆಯೋ ಅಲ್ಲಿಯವರೆಗೆ ನಿಶ್ಚಿಂತೆಯಿಂದಿರಿ.

ಬರ್ಮಿಂಗ್‌ಹ್ಯಾಮ್ ಡಾಕ್ಟರ್: ನಾನು ಡಬ್ಲಿನ್‌ನಲ್ಲಿ ಒಂಬತ್ತು ವರ್ಷ ಇದ್ದು ಐರಿಶ್ ಪ್ರಜೆಯಾದೆ. 2019ರಿಂದ ಇಲ್ಲಿದ್ದೇನೆ. ಐರಿಶರು ಅರ್ಜಿ ಹಾಕಬೇಕಿಲ್ಲ ಎಂದು ಓದಿದ್ದೇನೆ. ಸರಿ ತಾನೇ?

ವಕೀಲರು: ನಿಮ್ಮ ಮಟ್ಟಿಗೆ ಸರಿ. ನಿಮ್ಮ ಹೆಂಡತಿಯ ಪಾಸ್‌ಪೋರ್ಟ್ ಯಾವುದು?

ಬರ್ಮಿಂಗ್‌ಹ್ಯಾಮ್ ಡಾಕ್ಟರ್: ಭಾರತದ್ದು.

ವಕೀಲರು: ಹಾಗಾದರೆ ಅವರು ಹಾಕಲೇಬೇಕು. ವಿನಾಯಿತಿ ಐರಿಶ್ ಪಾಸ್‌ಪೋರ್ಟಿಗೆ, ಮನೆಗೆಲ್ಲ ಅಲ್ಲ. ಈ ತಿಂಗಳು ಇದೇ ತಪ್ಪು ತಿಳಿದುಕೊಂಡು ನನ್ನನ್ನು ಕೇಳಿದ ಡಾಕ್ಟರುಗಳಲ್ಲಿ ನೀವು ನಾಲ್ಕನೆಯವರು. ಇಂದೇ ಶುರು ಮಾಡಿ.

ಸ್ವಿಂಡನ್ ಸೊಸೆ: ಅಕ್ಕ, ನನ್ನದು ಸ್ವಲ್ಪ ಉದ್ದದ ಕಥೆ, ಬೇಸರಿಸಬೇಡಿ. ನನ್ನ ತವರು ಕಾರವಾರ. ಗಂಡ ಗೋವಾದ ಕಾಣಕೋಣದವರು, ಪೋರ್ಚುಗೀಸ್ ಪಾಸ್‌ಪೋರ್ಟ್. 2010ರಿಂದ ಇಲ್ಲಿಯೇ ಗೋದಾಮಿನಲ್ಲಿ ಕೆಲಸ. 2016ರಲ್ಲಿ ಮದುವೆ, ಅದೇ ವರ್ಷ ಅಕ್ಟೋಬರ್‌ನಲ್ಲಿ ನಾನು ಬಂದೆ. ಅವರಿಗೆ 2019ರಲ್ಲಿ ಸೆಟಲ್ಡ್ ಸ್ಟೇಟಸ್ ಸಿಕ್ಕಿದೆ. ನನ್ನ ಬಳಿ ಕುಟುಂಬದ ಸದಸ್ಯೆ ಎಂಬ ರೆಸಿಡೆನ್ಸ್ ಕಾರ್ಡ್ ಇದೆ, ಅದರ ಮೇಲೆ ಫೆಬ್ರವರಿ 2022 ಎಂದಿದೆ. ಕಳೆದ ವರ್ಷ ಮಾರ್ಚ್ 12ಕ್ಕೆ ಅಪ್ಪನ ಆಪರೇಷನ್‌ಗೆಂದು ಊರಿಗೆ ಹೋದೆ, ವಿಮಾನಗಳು ನಿಂತವು, ಮರಳಿ ಬಂದದ್ದು ನವೆಂಬರ್ 2ಕ್ಕೆ. ಈಗ ಅರ್ಜಿ ಹಾಕಿದರೆ ಪ್ರೀ-ಸೆಟಲ್ಡ್ (ಐದು ವರ್ಷ ತುಂಬದವರಿಗೆ ಕೊಡುವ ತಾತ್ಕಾಲಿಕ ಸ್ಟೇಟಸ್) ಮಾತ್ರ ಸಿಗುತ್ತದೆ, ಅಕ್ಟೋಬರ್‌ಗೆ ಐದು ವರ್ಷ ತುಂಬುತ್ತದೆ, ಆಗ ಹಾಕಿದರೆ ನೇರವಾಗಿ ಸೆಟಲ್ಡ್ ಸಿಗುತ್ತದೆ, ಹೇಗೂ ಕಾರ್ಡ್ ಇದೆಯಲ್ಲ ಎಂದು ಇಲ್ಲಿನ ಒಬ್ಬರು ಹೇಳಿದರು. ಕಾಯಲೇ?

ವಕೀಲರು: ಕಾಯಬೇಡಿ. ಮುಂದಿನದನ್ನು ನಿಧಾನವಾಗಿ ಓದಿ. ನಿಮ್ಮ ಪ್ರಶ್ನೆಯಲ್ಲಿ ಮೂರು ಗಂಟುಗಳಿವೆ, ಒಂದನ್ನು ನೀವು ಕೇಳಿಯೇ ಇಲ್ಲ.

ಮೊದಲು ಕಾರ್ಡ್. ಅದರ ಮೇಲೆ 2022 ಎಂದಿರಬಹುದು, 2025 ಎಂದೂ ಇರಬಹುದು. ಅದು ನಿಂತಿರುವುದು ಒಕ್ಕೂಟದ ಕಾನೂನಿನ ಮೇಲೆ. ಆ ಕಾನೂನು ಇಲ್ಲಿ ಡಿಸೆಂಬರ್ 31ಕ್ಕೆ ಮುಗಿಯಿತು. ಈ ಆರು ತಿಂಗಳು ಕೃಪಾವಧಿ. ಜೂನ್ 30ರ ರಾತ್ರಿ ಕಳೆದ ಮೇಲೆ ಅರ್ಜಿ ಹಾಕದವರ ಕಾರ್ಡ್ ಬರೀ ಪ್ಲಾಸ್ಟಿಕ್. ಶಾಶ್ವತ ವಾಸದ ಪತ್ರ ಪಡೆದವರದೂ ಇದೇ ಗತಿ. ಅಕ್ಟೋಬರ್ ಬರುವಷ್ಟರಲ್ಲಿ ನೀವು ಇಲ್ಲಿ ಕೆಲಸ ಮಾಡುವ, ಬಾಡಿಗೆಗೆ ಮನೆ ಹಿಡಿಯುವ ಹಕ್ಕು ಕಳೆದುಕೊಂಡಿರುತ್ತೀರಿ. ಈಗ ಪ್ರೀ-ಸೆಟಲ್ಡ್ ಪಡೆಯಿರಿ, ಐದು ವರ್ಷ ತುಂಬಿದ ಮೇಲೆ ಅದನ್ನೇ ಸೆಟಲ್ಡ್ ಆಗಿಸಿಕೊಳ್ಳಿ. ಎರಡು ಸಲವೂ ಶುಲ್ಕವಿಲ್ಲ. ಮೊದಲು 65 ಪೌಂಡ್ ಇತ್ತು, 2019ರಲ್ಲಿಯೇ ತೆಗೆದರು. ಯಾರಾದರೂ ಸರ್ಕಾರಿ ಶುಲ್ಕವೆಂದು ಹಣ ಕೇಳಿದರೆ ಅವರನ್ನು ಬಾಗಿಲಾಚೆ ನಿಲ್ಲಿಸಿ.

ಎರಡನೆಯದು ನೀವು ಊರಿನಲ್ಲಿ ಉಳಿದ ಏಳು ತಿಂಗಳು ಮೂರು ವಾರ. ಯಾವುದೇ 12 ತಿಂಗಳಲ್ಲಿ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸದ ಲೆಕ್ಕ ಮುರಿಯುತ್ತದೆ ಎಂಬುದು ಮೂಲ ನಿಯಮ. ಆದರೆ ಗಂಭೀರ ಕಾರಣಕ್ಕೆ 12 ತಿಂಗಳವರೆಗಿನ ಒಂದು ಗೈರುಹಾಜರಿಗೆ ರಿಯಾಯಿತಿ ಇದೆ. ಕೊರೊನಾದ ವಿಷಯದಲ್ಲಿ ಗೃಹ ಇಲಾಖೆ ಮೊದಲು ಬಿಗಿಯಾಗಿತ್ತು, ಮೂರು ದಿನಗಳ ಹಿಂದೆ, ಜೂನ್ 10ರಂದು, ಹೊಸ ಮಾರ್ಗಸೂಚಿ ಹೊರಡಿಸಿ ಕೈ ಸಡಿಲಿಸಿದೆ. ಒಂದು ವಾರದ ಹಿಂದೆ ಕೇಳಿದ್ದರೆ ನನ್ನ ಉತ್ತರದಲ್ಲಿ ಇಷ್ಟು ಧೈರ್ಯ ಇರುತ್ತಿರಲಿಲ್ಲ. ರದ್ದಾದ ವಿಮಾನದ ಟಿಕೆಟ್, ವಿಮಾನ ಕಂಪನಿಯ ಇಮೇಲ್, ಅಪ್ಪನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಎಲ್ಲವನ್ನೂ ತೆಗೆದಿಡಿ. ಇವು ಈಗಿನದಕ್ಕಿಂತ ಅಕ್ಟೋಬರ್‌ನ ನಂತರ ಹೆಚ್ಚು ಕೆಲಸಕ್ಕೆ ಬರುತ್ತವೆ.

ಮೂರನೆಯದು: ನಿಮಗೆ ಮಕ್ಕಳಿದ್ದಾರೆಯೇ?

ಸ್ವಿಂಡನ್ ಸೊಸೆ: ಒಬ್ಬ ಮಗ ಅಕ್ಕ. 2018ರಲ್ಲಿ ಇಲ್ಲಿಯೇ ಹುಟ್ಟಿದ್ದು. ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿದ್ದೇವೆ. ಇಲ್ಲಿ ಹುಟ್ಟಿದ್ದಾನೆ, ಅಪ್ಪನಿಗೆ ಸೆಟಲ್ಡ್ ಇದೆ, ಅವನಿಗೇನೂ ಬೇಡ ಅಲ್ಲವೇ?

ಮಿಲ್ಟನ್ ಕೀನ್ಸ್ ಗೃಹಸ್ಥ: ಮೇಡಂ, ನಾನು ಟಿಯರ್ 2. ಬ್ರೆಕ್ಸಿಟ್ ಆದಮೇಲೆ ನನಗೆ ಏನಾದರೂ...

ವಕೀಲರು: ಮಿಲ್ಟನ್ ಕೀನ್ಸ್, ಮೇಲೆ ರೆಡಿಂಗ್‌ನವರಿಗೆ ಬರೆದದ್ದನ್ನು ಓದಿ.

ಸ್ವಿಂಡನ್, ನಾನು ಹೆದರಿದ್ದು ಇದಕ್ಕೇ. ಅಪ್ಪನ ಸ್ಟೇಟಸ್ ಮಗನಿಗೆ ತಾನಾಗಿ ಹರಿದು ಬರುವುದಿಲ್ಲ. ಈ ಯೋಜನೆಯಲ್ಲಿ ತಲೆಗೊಂದು ಅರ್ಜಿ, ತೊಟ್ಟಿಲ ಕೂಸಿಗೂ ಒಂದು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಬ್ರಿಟಿಷ್ ಪ್ರಜೆಯಾಗುವ ಕಾಲ 1983ಕ್ಕೇ ಮುಗಿಯಿತು. ಮಗು ಹುಟ್ಟುವಾಗ ತಂದೆ ಅಥವಾ ತಾಯಿ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲವೇ ಇಲ್ಲಿ ನೆಲೆನಿಂತವರಾಗಿರಬೇಕು. ನಿಮ್ಮ ಯಜಮಾನರಿಗೆ ಸ್ಟೇಟಸ್ ಸಿಕ್ಕಿದ್ದು 2019ರಲ್ಲಿ, ಮಗು 2018ರದು. ಆ ಕಾಗದ ಹಿಂದಕ್ಕೆ ಅನ್ವಯಿಸುವುದಿಲ್ಲ.

ಆದರೆ ಇಲ್ಲೊಂದು ಸ್ವಾರಸ್ಯವಿದೆ. ಅವರು 2010ರಿಂದ ಬಿಡದೆ ದುಡಿದಿದ್ದರೆ 2015ರಲ್ಲಿಯೇ ಹಳೆಯ ಒಕ್ಕೂಟ ಕಾನೂನಿನಡಿ ಅವರಿಗೆ ಶಾಶ್ವತ ವಾಸದ ಹಕ್ಕು ತಾನಾಗಿ ಬಂದಿರುತ್ತದೆ, ಯಾವ ಕಾಗದ ಪಡೆಯದಿದ್ದರೂ. ಹಾಗಿದ್ದರೆ ನಿಮ್ಮ ಮಗ ಹುಟ್ಟಿನಿಂದಲೇ ಬ್ರಿಟಿಷ್, ನಿಮಗೇ ಗೊತ್ತಿಲ್ಲ ಅಷ್ಟೆ. ಸಾಬೀತು ಮಾಡಲು ಅವರ ಐದು ವರ್ಷಗಳ ಪಿ60 (ವರ್ಷದ ಸಂಬಳ, ತೆರಿಗೆಯ ಪತ್ರ) ಬೇಕು. ಇವೆಯೇ?

ಸ್ವಿಂಡನ್ ಸೊಸೆ: 2012ರದು ಸಿಗುವುದು ಕಷ್ಟ. ಆಗ ಏಜೆನ್ಸಿ ಮೂಲಕ ಕೆಲಸ.

ವಕೀಲರು: ತೆರಿಗೆ ಇಲಾಖೆಯಿಂದ ಉದ್ಯೋಗದ ಇತಿಹಾಸ ತರಿಸಬಹುದು, ಆದರೆ 17 ದಿನದಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಪೌರತ್ವದ ವಿಷಯ ನಂತರ. ಈಗ ಪೋರ್ಚುಗೀಸ್ ಪಾಸ್‌ಪೋರ್ಟ್ ಇಟ್ಟುಕೊಂಡು ಮಗನ ಅರ್ಜಿ ಹಾಕಿ, ಅಪ್ಪನ ಅರ್ಜಿಯ ಸಂಖ್ಯೆಗೆ ಅದನ್ನು ಜೋಡಿಸಿ. ಮಕ್ಕಳ ತಡವಾದ ಅರ್ಜಿಗಳನ್ನು ಇಲಾಖೆ ಪರಿಗಣಿಸುತ್ತದೆ, ಅದನ್ನು ನಂಬಿ ಕೂರಬೇಡಿ. ನಿಮ್ಮ ಹೆಸರಿಗೆ ಸಂಬಳದ ದಾಖಲೆ ಇಲ್ಲದಿದ್ದರೆ ಹೆರಿಗೆ ಆಸ್ಪತ್ರೆಯ ಪತ್ರಗಳು, ಜಂಟಿ ಬ್ಯಾಂಕ್ ಖಾತೆಯ ವಿವರ, ಕೌನ್ಸಿಲ್ ತೆರಿಗೆಯ (ಸ್ಥಳೀಯ ಆಡಳಿತದ ಮನೆ ತೆರಿಗೆ) ಬಿಲ್ ಸಾಕು.

ಸ್ಲೌ ಸುಬ್ಬ: ಬಂದದ್ದನ್ನು ಹಾಗೆಯೇ ಹಂಚಿಕೊಂಡಿದ್ದೇನೆ: “ಸಿಹಿಸುದ್ದಿ! ಗಡುವು ಡಿಸೆಂಬರ್‌ವರೆಗೆ ವಿಸ್ತರಣೆ. ಐದು ವರ್ಷ ಕೌನ್ಸಿಲ್ ತೆರಿಗೆ ಕಟ್ಟಿದವರಿಗೆ ಅರ್ಜಿಯೇ ಬೇಡ. ಕಾರ್ಡ್ ಮನೆಗೆ ಬರುತ್ತದೆ. ಎಲ್ಲರಿಗೂ ತಿಳಿಸಿ.”

ವಕೀಲರು: ನಾಲ್ಕು ವಾಕ್ಯ, ನಾಲ್ಕೂ ಸುಳ್ಳು. ವಿಸ್ತರಣೆ ಇಲ್ಲ. ತೆರಿಗೆ ಕಟ್ಟಿದರೆ ಹಕ್ಕು ಬರುವುದಿಲ್ಲ. ಕಾರ್ಡ್ ಮನೆಗೆ ಬರುವುದಿಲ್ಲ, ಒಕ್ಕೂಟದ ಪ್ರಜೆಗಳಿಗೆ ಈ ಸ್ಟೇಟಸ್ ಗಣಕದಲ್ಲಿ ಮಾತ್ರ ಇರುತ್ತದೆ. ಎಲ್ಲರಿಗೂ ತಿಳಿಸಬೇಡಿ. ಸುಬ್ಬ ಅವರೇ, ದಯವಿಟ್ಟು ಅಳಿಸಿ.

ಸ್ಲೌ ಸುಬ್ಬ: ನಾನು ಬರೆದದ್ದಲ್ಲ ಮೇಡಂ, ಬಂದದ್ದು.

ವಕೀಲರು: ಶೀತ ಕೂಡ ಬರುವುದೇ. ಹಂಚುವುದಿಲ್ಲವಲ್ಲ.

ಲೂಟನ್: ನಮ್ಮ ಮೇಲ್ವಿಚಾರಕ ಶುಕ್ರವಾರದೊಳಗೆ ಶೇರ್ ಕೋಡ್ (ಸ್ಟೇಟಸ್ ಇದೆಯೆಂದು ತೋರಿಸುವ ಸಂಕೇತ) ತರದಿದ್ದರೆ ಪಾಳಿ ಇಲ್ಲ ಎನ್ನುತ್ತಾನೆ. ನನ್ನದು ಇಟಲಿ ಪಾಸ್‌ಪೋರ್ಟ್.

ವಕೀಲರು: ಜೂನ್ 30ರವರೆಗೆ ನಿಮ್ಮ ಪಾಸ್‌ಪೋರ್ಟೇ ಸಾಕು, ಅದನ್ನು ಒಪ್ಪದಿರುವುದು ತಾರತಮ್ಯ. ಹಳೆಯ ನೌಕರರನ್ನು ಮತ್ತೆ ತಪಾಸಣೆ ಮಾಡುವ ಹೊಣೆಯೂ ಮಾಲೀಕರ ಮೇಲಿಲ್ಲ. ಲಿಖಿತವಾಗಿ ಕೇಳಿ, ಸಾಮಾನ್ಯವಾಗಿ ಅಲ್ಲಿಗೆ ಬಾಯಿ ಮುಚ್ಚುತ್ತದೆ.

ಹ್ಯಾರೋ ಹೆಬ್ಬಾರ: ಒಂದು ಮಾತು ಹೇಳಲೇ? ನಾವು ವರ್ಷಕ್ಕೆ 624 ಪೌಂಡ್ ಆರೋಗ್ಯ ಶುಲ್ಕ, ಅದರ ಮೇಲೆ ವೀಸಾ ಶುಲ್ಕ ಕಟ್ಟಿ ಸರತಿಯಲ್ಲಿ ನಿಂತು ಬಂದವರು. ಲಿಸ್ಬನ್ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಲಾರದವರು ಪೋರ್ಚುಗೀಸರಾಗಿ ಬಂದು ಈಗ ಬಿಟ್ಟಿ ಅರ್ಜಿ, ಬಿಟ್ಟಿ ಸಲಹೆ.

ಮಾಜಾಳಿ: ಹೆಬ್ಬಾರರೇ, 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗಲ್ ಕೈಯಲ್ಲಿತ್ತು. ಅದಕ್ಕೆ ಮುಂಚೆ ಅಲ್ಲಿ ಹುಟ್ಟಿದವರ ಮೊಮ್ಮಕ್ಕಳವರೆಗೆ ಅವರ ಕಾನೂನೇ ಹಕ್ಕು ಕೊಟ್ಟಿದೆ. ಕದ್ದದ್ದಲ್ಲ. ಅದಕ್ಕಾಗಿ ಭಾರತದ ಪೌರತ್ವ ಬಿಟ್ಟುಕೊಟ್ಟಿದ್ದೇವೆ. ನಮ್ಮಲ್ಲಿ ಗಡಿಯ ಈಚೆ ಹೆಣ್ಣು, ಆಚೆ ಗಂಡು, ಅದು ನಿಮ್ಮ ಬ್ರೆಕ್ಸಿಟ್‌ಗಿಂತ ಹಳೆಯದು.

ಹ್ಯಾರೋ ಹೆಬ್ಬಾರ: ‘ನಿಮ್ಮ’ ಬ್ರೆಕ್ಸಿಟ್ ಎಂದರೆ?

ಮಾಜಾಳಿ: 2016ರಲ್ಲಿ ಯಾವುದಕ್ಕೆ ಮತ ಹಾಕಿದಿರಿ ಎಂದು ಇದೇ ಗುಂಪಿನಲ್ಲಿ ನೀವು ಹೆಮ್ಮೆಯಿಂದ ಬರೆದದ್ದು ನೆನಪಿದೆ. ಭಾರತದ ಪಾಸ್‌ಪೋರ್ಟಿನ ನೀವು ಕಾಮನ್‌ವೆಲ್ತ್ ಪ್ರಜೆಯಾಗಿ ಮತ ಹಾಕಿದಿರಿ. ಹದಿನಾರು ವರ್ಷ ತೆರಿಗೆ ಕಟ್ಟಿದ ನಮ್ಮಣ್ಣ ಪೋರ್ಚುಗೀಸ್ ಎಂಬ ಕಾರಣಕ್ಕೆ ಹೊರಗೆ ನಿಂತು ನೋಡಿದ.

ಹ್ಯಾರೋ ಹೆಬ್ಬಾರ: ಹಾಕಿದೆ. ಯುರೋಪಿಗೊಂದು ನಿಯಮ, ನಮಗೊಂದು ನಿಯಮ ಇರಬಾರದು ಎಂದು ಹಾಕಿದೆ. ತಪ್ಪೇನಾಯಿತು? ಕುಶಲ ಕೆಲಸಗಾರರ ವೀಸಾಗೆ ಸಂಬಳದ ಮಿತಿ 30,000 ಪೌಂಡ್‌ನಿಂದ 25,600ಕ್ಕೆ ಇಳಿಯಿತು. ಇಳಿದದ್ದು ನಮ್ಮ ಹುಡುಗರಿಗಾಗಿಯೂ ಹೌದು.

ಸೌಥಾಲ್ ಹೋಟೆಲ್: ನಾನೂ ಅದನ್ನೇ ನಂಬಿದ್ದೆ. ಯುರೋಪಿನ ಬಾಗಿಲು ಮುಚ್ಚಿದರೆ ಭಾರತದಿಂದ ಬಾಣಸಿಗರು ಬರಬಹುದು ಎಂದು ಆಗ ಪ್ರೀತಿ ಪಟೇಲ್ ಹೇಳಿದ್ದರು. ಈಗ ಅವರೇ ಗೃಹ ಸಚಿವೆ. ದೋಸೆ ಹುಯ್ಯುವವನಿಗೆ 25,600 ಕೊಟ್ಟರೆ ದೋಸೆಗೆ ನಾನು ಎಷ್ಟು ಬರೆಯಲಿ? ಪಾತ್ರೆ ತೊಳೆಯುತ್ತಿದ್ದ ರೊಮೇನಿಯಾದ ಇಬ್ಬರು ಹುಡುಗರು ಕೊರೊನಾಕ್ಕೆ ಊರಿಗೆ ಹೋದವರು ಮರಳಲಿಲ್ಲ. ಈಗ ನಾನೇ ತೊಳೆಯುತ್ತೇನೆ.

ಹ್ಯಾರೋ ಹೆಬ್ಬಾರ: ಸಂಬಳ ಕೊಡಲಾಗದ ವ್ಯಾಪಾರ ಏಕೆ?

ಸೌಥಾಲ್ ಹೋಟೆಲ್: ನಾಳೆ ಬಂದು ತಿನ್ನುವಾಗ ಇದನ್ನೇ ಕೇಳಿ.

ಐಂಡ್ಹೋವನ್: ಈ ಜಗಳದ ನಡುವೆ ನನ್ನದೊಂದು. ನಾನು ಬ್ರಿಟಿಷ್ ಪಾಸ್‌ಪೋರ್ಟಿನ ಕನ್ನಡಿಗ, ನೆದರ್ಲೆಂಡ್ಸ್‌ನಲ್ಲಿ 2017ರಿಂದ ಕೆಲಸ. ನನಗೂ ಜೂನ್ 30 ಗಡುವೇ?

ವಕೀಲರು: ಅಲ್ಲಿ ಅದನ್ನು ಸೆಪ್ಟೆಂಬರ್ 30ಕ್ಕೆ ಮುಂದೂಡಿದ್ದಾರೆ, ಆದರೂ ಅಲ್ಲಿನ ವಲಸೆ ಇಲಾಖೆಯನ್ನೇ ಕೇಳಿ, ನನ್ನ ಪರವಾನಗಿ ಇಲ್ಲಿಗೆ ಮಾತ್ರ. ಒಂದು ಎಚ್ಚರಿಕೆ: ನಿಮಗೆ ಉಳಿಯುವುದು ನೆದರ್ಲೆಂಡ್ಸ್‌ನ ಹಕ್ಕು. ಅದನ್ನು ಹಿಡಿದು ಡಸೆಲ್ಡಾರ್ಫ್‌ಗೆ ಕೆಲಸಕ್ಕೆ ಹೋಗಲಾಗದು.

ಕ್ರಾಯ್ಡನ್ ಕಮಲ: ಮೇಡಂ, ನನ್ನ ಗಂಡ ಜರ್ಮನ್ ಪ್ರಜೆ. ಹುಬ್ಬಳ್ಳಿಯಲ್ಲಿರುವ ನಮ್ಮ ಅಮ್ಮನನ್ನು ಇವರ ಸ್ಟೇಟಸ್ ಮೇಲೆ ಕರೆಸಿಕೊಳ್ಳಬಹುದೇ?

ಹ್ಯಾರೋ ಹೆಬ್ಬಾರ: ನೋಡಿ, ಈಗ ಅತ್ತೆಯರೂ.

ಮಾಜಾಳಿ: ನಿಮ್ಮ ತಾಯಿ ಇಲ್ಲಿಯೇ ಇದ್ದಾರೆ ಎಂದು ಕೇಳಿದ್ದೇನೆ. ಯಾವ ಸರತಿಯಲ್ಲಿ ಬಂದರು?

ಹ್ಯಾರೋ ಹೆಬ್ಬಾರ: ನಾಲಿಗೆ ಬಿಗಿಹಿಡಿದು ಮಾತನಾಡಿ.

ನಿರ್ವಾಹಕ: ಇಬ್ಬರೂ ನಿಲ್ಲಿಸಿ. ಮನೆಯವರ ವಿಷಯ ಬೇಡ.

ವಾಟ್‌ಫರ್ಡ್: ಟಿಯರ್ 2 ಅವಲಂಬಿತರ ವೀಸಾದಲ್ಲಿ ಇರುವವರಿಗೆ ಬ್ರೆಕ್ಸಿಟ್...

ವಕೀಲರು: ಇಲ್ಲ.

ಸ್ಲೌ ಸುಬ್ಬ: ಮೇಡಂ, ಇನ್ನೊಂದು ಬಂದಿದೆ. ಕಳುಹಿಸುವ ಮುನ್ನ ಕೇಳುತ್ತಿದ್ದೇನೆ. 200 ಪೌಂಡ್ ಕೊಟ್ಟರೆ ಕಳೆದ ವರ್ಷದ ಬಾಡಿಗೆ ಕರಾರು ಮಾಡಿಕೊಡುತ್ತಾರಂತೆ, ಡಿಸೆಂಬರ್‌ಗೆ ಮೊದಲು ಇಲ್ಲಿದ್ದೆವು ಎಂದು ತೋರಿಸಲು.

ವಕೀಲರು: ಕೇಳಿದ್ದು ಒಳ್ಳೆಯದಾಯಿತು. ಅದು ವಂಚನೆ. ಗಡುವು ತಪ್ಪಿಸಿಕೊಂಡವರಿಗೆ ನಾನು ಕಾರಣ ಹುಡುಕಿ ಪತ್ರ ಬರೆಯಬಲ್ಲೆ. ನಕಲಿ ಕಾಗದ ಕೊಟ್ಟು ಸಿಕ್ಕಿಬಿದ್ದವರಿಗಾಗಿ ಏನು ಬರೆಯಲಿ? ಈ ಸಂದೇಶ ಕಳುಹಿಸಿದವರು ನಿಮ್ಮ ಸ್ನೇಹಿತರಲ್ಲ. ಇಷ್ಟು ಹೇಳಿದ ಮೇಲೂ ಕಳುಹಿಸುವವರಿದ್ದರೆ ನನ್ನನ್ನು ಈ ಗುಂಪಿನಿಂದ ತೆಗೆದುಬಿಡಿ.

ನಿರ್ವಾಹಕ: ಮೇಡಂ, ಕ್ಷಮಿಸಿ. ಹೊಸ ಪ್ರಶ್ನೆಗಳನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇನೆ.

ಕ್ರಾಯ್ಡನ್ ಕಮಲ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಸ್ವಿಂಡನ್ ಸೊಸೆ: ಅಕ್ಕ, ಇವರು ಪಾಳಿ ಮುಗಿಸಿ ಬಂದರು, ನನ್ನ ಅರ್ಜಿ ಶುರು ಮಾಡಿದ್ದೇವೆ. ಆ್ಯಪ್ ನನ್ನ ಕಾರ್ಡನ್ನು ಓದುತ್ತಿಲ್ಲ, ಆರು ಸಲ ಇಟ್ಟು ನೋಡಿದೆವು.

ವಕೀಲರು: ಮೊಬೈಲಿನ ಕವಚ ತೆಗೆಯಿರಿ. ಕಾರ್ಡನ್ನು ಮೇಜಿನ ಮೇಲಿಟ್ಟು ಮೊಬೈಲನ್ನು ಅದರ ಬೆನ್ನಿಗೆ ಒತ್ತಿ ಹಿಡಿಯಿರಿ. ಅಲುಗಾಡಿಸಬೇಡಿ.

ಸ್ವಿಂಡನ್ ಸೊಸೆ: ಓದಿತು. ಮಗ ಮಲಗಿದ್ದಾನೆ, ಫೋಟೋಗೆ ಎಬ್ಬಿಸಲೇ?

ವಕೀಲರು: ಬೇಡ, ಮಲಗಲಿ. ಅವನದನ್ನು ಬೆಳಿಗ್ಗೆ ಮಾಡಿ.