ಚಪ್ಪರ ತುಂಬ ಎಲೆ, ಗೊಂಚಲು ಮೂರೇ: ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಗೆ ಚಾಟನಿ ಹೇಗೆ?

ಹಿತ್ತಲಬಳ್ಳಿ:

ಹಿತ್ತಲಲ್ಲಿ ಒಂದು ಥಾಮ್ಸನ್ ಸೀಡ್‌ಲೆಸ್ ಬಳ್ಳಿ ಇದೆ. ಕಸಿ ಗಿಡ, ನೆಟ್ಟು ಮೂರು ವರ್ಷ. ಚಪ್ಪರ 2 ಮೀಟರ್ ಎತ್ತರ, ಹರವು 3 ಮೀಟರ್‌ಗೆ 4 ಮೀಟರ್. ಬೆಳವಣಿಗೆಗೆ ಏನೂ ಕೊರತೆಯಿಲ್ಲ, ಚಪ್ಪರದಡಿ ಮಟಮಟ ಮಧ್ಯಾಹ್ನವೂ ಕತ್ತಲೆ. ಆದರೆ ಈ ಸಲ ಬಿಟ್ಟದ್ದು ಮೂರು ಗೊಂಚಲು. ಅವುಗಳಲ್ಲೂ ಕೆಲವು ಕಾಯಿ ದಪ್ಪ, ಉಳಿದವು ಗುಂಡುಸೂಜಿಯ ತಲೆಯಷ್ಟೇ.

ಚಾಟನಿ ವರ್ಷಕ್ಕೊಂದೇ: ಕಡ್ಡಿಗೆ ಎರಡು ಕಣ್ಣು ಉಳಿಸಿ ಉಳಿದದ್ದನ್ನು ಕತ್ತರಿಸುವುದು. ಗೊಬ್ಬರ: ತಿಂಗಳಿಗೊಂದು ಬುಟ್ಟಿ ಸಗಣಿ ಗೊಬ್ಬರ, ಒಂದು ಹಿಡಿ ಯೂರಿಯಾ. ಇಲ್ಲಿ ಚಳಿ ಕಡಿಮೆ, ಎಲೆ ತಾನಾಗಿ ಪೂರ್ತಿ ಉದುರುವುದಿಲ್ಲ. ಎಲೆ ಮೇಲೆ ಅಲ್ಲಲ್ಲಿ ಬಿಳಿ ಬೂದಿಯೂ ಕಾಣುತ್ತಿದೆ. ಯಾವುದನ್ನು ಮೊದಲು ಸರಿ ಮಾಡಬೇಕು?

ಕತ್ತರಿಕೈ:

ಮೊದಲು ಚಾಟನಿ. ಗೊಂಚಲನ್ನು ಕತ್ತರಿಯೇ ಕೆಳಗೆ ಬೀಳಿಸಿದೆ.

ದ್ರಾಕ್ಷಿ ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ. ಆದರೆ ಆ ಚಿಗುರು ಹಿಂದಿನ ಋತುವಿನಲ್ಲಿ ಬಲಿತ ಕಡ್ಡಿಯ ಕಣ್ಣಿನಿಂದ ಹೊರಟಿರಬೇಕು. ತೊಗಟೆ ಸುಲಿಯುತ್ತಿರುವ ಹಳೇ ಮರದಿಂದ ಬಂದ ಚಿಗುರು ಬಹುಪಾಲು ಬರಡು. ಕಣ್ಣುಗಳಲ್ಲೂ ಎಲ್ಲವೂ ಒಂದೇ ಅಲ್ಲ. ಥಾಮ್ಸನ್‌ನಲ್ಲಿ ಕಡ್ಡಿಯ ಬುಡದ ಮೂರು ನಾಲ್ಕು ಕಣ್ಣುಗಳಲ್ಲಿ ಸಾಮಾನ್ಯವಾಗಿ ಎಲೆ ಮತ್ತು ಬಳ್ಳಿಕುಡಿ ಮಾತ್ರ. ಗೊಂಚಲು ಇರುವುದು ಅದಕ್ಕಿಂತ ಮೇಲೆ, ಹೆಚ್ಚಾಗಿ ಐದನೆಯದರಿಂದ ಹತ್ತನೆಯ ಕಣ್ಣಿನವರೆಗೆ. ಎರಡು ಕಣ್ಣಿಗೆ ಕತ್ತರಿಸಿದರೆ ಫಲ ಕೊಡುವ ಕಣ್ಣುಗಳೆಲ್ಲ ಕಸದ ಗುಂಡಿಗೆ. ಎರಡು ಕಣ್ಣಿನ ಚಾಟನಿ ಫ್ಲೇಮ್ ಸೀಡ್‌ಲೆಸ್, ರೆಡ್ ಗ್ಲೋಬ್‌ನಂಥ ತಳಿಗಳಿಗೆ ಹೊಂದುತ್ತದೆ. ತಳಿಯ ಹೆಸರು ಹೇಳದೆ ಬರೀ "ಎರಡು ಕಣ್ಣು ಬಿಡಿ" ಅನ್ನುವ ಸಲಹೆಯಿಂದಲೇ ಈ ತೊಂದರೆ ಹುಟ್ಟುತ್ತದೆ.

ಚಳಿಗೆ ಎಲೆ ಉದುರಿ ಬಳ್ಳಿ ಮಲಗುವ ಕಡೆ ಒಂದೇ ಚಾಟನಿ ಸಾಕು: ಎಲೆ ಉದುರಿದ ಮೇಲೆ, ಕಣ್ಣು ಊದುವ ಮುಂಚೆ. ಹಣ್ಣಿಗಾಗಿ 8ರಿಂದ 12 ಕಣ್ಣಿನ ಉದ್ದ ಕಡ್ಡಿ ಉಳಿಸಿ, ಅದರ ಬುಡದ ಹತ್ತಿರವೇ ಇನ್ನೊಂದು ಕಡ್ಡಿಯನ್ನು ಎರಡು ಕಣ್ಣಿಗೆ ಮೊಟಕು ಮಾಡುತ್ತಾರೆ. ಉದ್ದನೆಯದು ಈ ವರ್ಷದ ಹಣ್ಣಿಗೆ, ಮೊಟಕಾದದ್ದು ಮುಂದಿನ ವರ್ಷದ ಕಡ್ಡಿಗೆ.

ನಿಮ್ಮಂಥ ಬೆಚ್ಚಗಿನ ಕಡೆ ವರ್ಷಕ್ಕೆ ಎರಡು ಚಾಟನಿ ಬೇಕು. ಮೊದಲನೆಯದು ಕೊಯ್ಲು ಮುಗಿದು ಬಳ್ಳಿಗೆ ಮೂರು ನಾಲ್ಕು ವಾರ ವಿಶ್ರಾಂತಿ ಸಿಕ್ಕ ಮೇಲೆ. ಎಲ್ಲ ಕಡ್ಡಿಗಳನ್ನೂ ಒಂದೆರಡು ಕಣ್ಣಿಗೆ ಇಳಿಸಿ. ಇದು ಹಣ್ಣಿಗಲ್ಲ, ಕಡ್ಡಿ ತಯಾರಿಗೆ. ಚಿಗುರು ಒಂದು ಗೇಣು ಆದಾಗ ತೋಳಿನ (ಚಪ್ಪರದ ಮೇಲೆ ಅಡ್ಡಲಾಗಿ ಹಬ್ಬಿಸಿದ ಮುಖ್ಯ ಕಾಂಡದ) ಎರಡೂ ಪಕ್ಕ 15ರಿಂದ 20 ಸೆಂ.ಮೀ.ಗೊಂದು ಗಟ್ಟಿಮುಟ್ಟಾದದ್ದನ್ನು ಉಳಿಸಿ, ಮಿಕ್ಕವನ್ನು ಕೈಯಲ್ಲೇ ಮುರಿದು ತೆಗೆಯಿರಿ. ಏಳೆಂಟು ಎಲೆ ಬಂದಾಗ ತುದಿ ಚಿವುಟಿ. ಅಲ್ಲಿಂದ ಪಕ್ಕದ ಚಿಗುರು ಒಂದನ್ನೇ ಮುಂದುವರಿಸಿ ಐದಾರು ಎಲೆಗೆ ಮತ್ತೆ ಚಿವುಟಿ. ಚಾಟನಿಯಾದ 40ನೇ ದಿನದಿಂದ 75ನೇ ದಿನದವರೆಗೆ ಕಣ್ಣುಗಳೊಳಗೆ ಗೊಂಚಲಿನ ಅಂಕುರ ರೂಪುಗೊಳ್ಳುತ್ತದೆ. ಆ ಹೊತ್ತಿನಲ್ಲಿ ಕಡ್ಡಿಗೆ ಬಿಸಿಲು ಬೀಳದಿದ್ದರೆ ಕಣ್ಣಲ್ಲಿ ಗೊಂಚಲಿನ ಬದಲು ಬಳ್ಳಿಕುಡಿ ಕೂರುತ್ತದೆ. ಆಮೇಲೆ ಏನು ಹಾಕಿದರೂ ಅದು ಗೊಂಚಲಾಗುವುದಿಲ್ಲ. ನಿಮ್ಮ ಚಪ್ಪರದಡಿಯ ಕತ್ತಲೆ ಹಾಗಾಗಿ ಎರಡನೇ ಕಾರಣ. ಮಧ್ಯಾಹ್ನ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಹರಡಿರಬೇಕು. ಇಲ್ಲವಾದರೆ ಚಿಗುರು ತೆಗೆದದ್ದು ಸಾಲದು ಅಂತಲೇ ಅರ್ಥ.

ಎರಡನೇ ಚಾಟನಿ ಐದಾರು ತಿಂಗಳ ನಂತರ, ಮಳೆ ಹಿಂದೆ ಸರಿದು, ಹೂ ಬಿಡುವಾಗ ಒಣ ಹವೆ ಸಿಗುವಂತೆ ಲೆಕ್ಕ ಹಾಕಿ. ಪೆನ್ಸಿಲ್ ದಪ್ಪದ, ಹಸಿರು ಹೋಗಿ ಪೂರ್ತಿ ಕಂದಾದ ಕಡ್ಡಿಗಳನ್ನು 8ರಿಂದ 10 ಕಣ್ಣಿಗೆ ಕತ್ತರಿಸಿ. ಕೊನೆಯ ಕಣ್ಣಿನ ಮೇಲೆ 2 ಸೆಂ.ಮೀ. ತುಂಡು ಬಿಡಿ, ಇಲ್ಲದಿದ್ದರೆ ಕಣ್ಣೇ ಒಣಗುತ್ತದೆ. ಕತ್ತರಿಸಿದ ಬಾಯಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಅದು ಬೇರು ಎಚ್ಚೆತ್ತ ಗುರುತು, ಮೇಣ ಗೀಣ ಮೆತ್ತುವ ಅಗತ್ಯವಿಲ್ಲ.

ಹಿತ್ತಲಬಳ್ಳಿ:

ಉದ್ದ ಕಡ್ಡಿ ಬಿಟ್ಟರೆ ತುದಿಯ ಎರಡು ಕಣ್ಣು ಮಾತ್ರ ಒಡೆದು ಮಿಕ್ಕವು ಮಲಗಿಯೇ ಇರುತ್ತವಲ್ಲ? ತೋಟದವರು ಹಚ್ಚುವ ಔಷಧಿ ಮನೆಯಲ್ಲೂ ಹಚ್ಚಬಹುದೇ? ಮತ್ತೆ, ಕಡ್ಡಿಯಲ್ಲಿ ಗೊಂಚಲು ಇದೆಯೋ ಇಲ್ಲವೋ ಮೊದಲೇ ತಿಳಿಯುವ ದಾರಿ ಇದೆಯೇ?

ಕತ್ತರಿಕೈ:

ಆ ಔಷಧಿ ಹೈಡ್ರೋಜನ್ ಸೈನಮೈಡ್. ಹಿತ್ತಲಿಗೆ ಖಂಡಿತ ತರಬೇಡಿ. ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ ಅದು, ಬಳಸಿದ ಆಸುಪಾಸಿನಲ್ಲಿ ಮದ್ಯ ಕುಡಿದರಂತೂ ಜೀವಕ್ಕೇ ಅಪಾಯ. ಒಂದು ಬಳ್ಳಿಗೆ ಸರಳ ಉಪಾಯವಿದೆ: ಕಡ್ಡಿಯನ್ನು ಬಿಲ್ಲಿನ ಹಾಗೆ ಬಾಗಿಸಿ, ತುದಿ ಬುಡಕ್ಕಿಂತ ಕೆಳಗೆ ಬರುವಂತೆ ತಂತಿಗೆ ಕಟ್ಟಿ. ತುದಿಯ ದರ್ಬಾರು ತಗ್ಗಿ ನಡುವಿನ ಕಣ್ಣುಗಳೂ ಒಡೆಯುತ್ತವೆ. ಚಿಗುರು ಎರಡು ಮೂರು ಎಲೆ ಆದ ಮೇಲೆ ಬಿಚ್ಚಿ ನೇರ ಮಾಡಿ. ಬೆಳಿಗ್ಗೆ ಕಡ್ಡಿ ಪೆಡಸು, ಮುರಿಯುತ್ತದೆ. ಬಿಸಿಲೇರಿದ ಮೇಲೆ ಬಾಗಿಸಿ.

ಗೊಂಚಲಿನ ಪರೀಕ್ಷೆಗೆ ಪ್ರಯೋಗಾಲಯದಲ್ಲಿ ಕಣ್ಣು ಸೀಳಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಮನೆಯಲ್ಲಿ ಹೀಗೆ ಮಾಡಿ: ಚಾಟನಿಗೆ ಒಂದು ತಿಂಗಳ ಮೊದಲು ಎರಡು ಮಾದರಿ ಕಡ್ಡಿ ಕತ್ತರಿಸಿ, ಕಣ್ಣಿಗೊಂದರಂತೆ ತುಂಡು ಮಾಡಿ, ಬುಡದಿಂದ ಎಷ್ಟನೆಯದು ಅಂತ ಗುರುತು ಹಾಕಿ. ಬುಡ ಮುಳುಗುವಷ್ಟು ನೀರಿನಲ್ಲಿ ಬೆಚ್ಚಗೆ ಬೆಳಕಿರುವ ಕಡೆ ನಿಲ್ಲಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಮೂರು ನಾಲ್ಕು ವಾರದಲ್ಲಿ ಚಿಗುರೊಡೆದಾಗ ಯಾವ ಕಣ್ಣಲ್ಲಿ ಪುಟ್ಟ ಗೊಂಚಲಿದೆ ಅಂತ ಕಣ್ಣಾರೆ ಕಾಣುತ್ತದೆ. ಎಷ್ಟು ಉದ್ದಕ್ಕೆ ಕತ್ತರಿಸಬೇಕು ಅನ್ನುವುದನ್ನು ಬಳ್ಳಿಯೇ ಹೇಳಿದಂತಾಯಿತು.

ಬೇರುಮೂಲ:

ಕಸಿ ಗಿಡ ಅಂದಿರಿ. ಕತ್ತರಿ ಹಿಡಿಯುವ ಮೊದಲು ಬುಡದ ಕಸಿ ಗಂಟು ನೋಡಿ. ಚಪ್ಪರ ಹತ್ತಿರುವ ಕಾಂಡಗಳಲ್ಲಿ ಯಾವುದಾದರೂ ಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ಬೇರುಸಸಿಯದ್ದು (ಕಸಿಗೆ ಬೇರು ಕೊಟ್ಟ ಕೆಳಗಿನ ಗಿಡದ್ದು), ಥಾಮ್ಸನ್ ಅಲ್ಲ. ಡಾಗ್‌ರಿಡ್ಜ್‌ನಂಥ ಬೇರುಸಸಿಗೆ ಎಲ್ಲಿಲ್ಲದ ರಭಸ, ಎರಡು ವರ್ಷ ಗಮನಿಸದಿದ್ದರೆ ಕಸಿ ಭಾಗವನ್ನೇ ನುಂಗುತ್ತದೆ. ಒಂದೇ ಚಪ್ಪರದಲ್ಲಿ ಎರಡು ಆಕಾರದ ಎಲೆ ಕಂಡರೆ ಬಲವಾದ ಅನುಮಾನ ಪಡಿ. ಅಂಥ ಚಿಗುರನ್ನು ಮೇಲ್ಮಟ್ಟಕ್ಕೆ ಕತ್ತರಿಸಿದರೆ ಮತ್ತೆ ನಾಲ್ಕು ಬರುತ್ತವೆ. ಮಣ್ಣು ಸರಿಸಿ, ಬುಡಸಮೇತ ಕಿತ್ತು ತೆಗೆಯಿರಿ.

ಮಣ್ಣುಹುಳ:

ಯೂರಿಯಾ ಇವತ್ತೇ ನಿಲ್ಲಿಸಿ. ಒಂದು ಹಿಡಿ ಅಂದರೆ ಸುಮಾರು 50 ಗ್ರಾಂ. ತಿಂಗಳು ತಿಂಗಳೂ ಅಷ್ಟು ಸಾರಜನಕ, ಮೇಲೆ ಸಗಣಿ ಗೊಬ್ಬರ ಬಿದ್ದರೆ ಬಳ್ಳಿ ಚಿಗುರುವುದನ್ನು ಬಿಟ್ಟು ಬೇರೇನೂ ಮಾಡದು. ಚಿಗುರು ಹೆಚ್ಚಾದರೆ ನೆರಳು, ನೆರಳಾದರೆ ಬರಡು ಕಣ್ಣು, ಜತೆಗೆ ಬೂದಿ ರೋಗ. ನಿಮ್ಮ ಪ್ರಶ್ನೆಯ ಅರ್ಧ ಭಾಗ ಈ ಒಂದು ಹಿಡಿಯಲ್ಲೇ ಇದೆ. ಸಾರಜನಕ ಬೇಕಾಗುವುದು ಮೊದಲ ಚಾಟನಿಯಾದ ಹೊಸದರಲ್ಲಿ, ಮತ್ತೆ ಕಾಯಿ ಕಚ್ಚಿದ ಮೇಲೆ ಸ್ವಲ್ಪ. ಕಣ್ಣು ತಯಾರಾಗುವಾಗ, ಹೂವಿನ ಹೊತ್ತಿನಲ್ಲಿ, ಹಣ್ಣು ಮೆತ್ತಗಾಗಲು ಶುರುವಾದ ಮೇಲೆ ಬೇಡವೇ ಬೇಡ. ಕೊಟ್ಟಿಗೆ ಗೊಬ್ಬರ ವರ್ಷಕ್ಕೊಮ್ಮೆ, ಮೊದಲ ಚಾಟನಿ ಹೊತ್ತಿಗೆ 10ರಿಂದ 15 ಕೆ.ಜಿ. ಸಾಕು. ಕಾಂಡಕ್ಕೆ ತಾಗಿಸದೆ ಎರಡು ಅಡಿ ದೂರದಲ್ಲಿ ಉಂಗುರವಾಗಿ ಹಾಕಿ.

ದಪ್ಪ ಕಾಯಿಯ ನಡುವೆ ಸೂಜಿತಲೆ ಕಾಯಿ ಬಂದಿರುವುದು ಪರಾಗಸ್ಪರ್ಶ, ಫಲೀಕರಣ ಅರ್ಧಂಬರ್ಧ ಆದ ಗುರುತು. ಬೀಜರಹಿತ ಅಂದರೆ ಪರಾಗ ಬೇಡ ಅಂತಲ್ಲ. ಥಾಮ್ಸನ್‌ನಲ್ಲಿ ಫಲೀಕರಣ ಆಗಿ, ಬೀಜ ಎಳಸಾಗಿರುವಾಗಲೇ ಸಾಯುತ್ತದೆ. ಹೂವಿನ ಹೊತ್ತಿನಲ್ಲಿ ಮಳೆ, ಅತಿ ಚಳಿ, ದಟ್ಟ ನೆರಳು ಇದ್ದರೂ ಹೀಗಾಗುತ್ತದೆ. ಬೋರಾನ್ ಅಥವಾ ಸತು ಕೊರತೆಯೂ ಕಾರಣ ಇರಬಹುದು. ಹವೆ ಚೆನ್ನಾಗಿದ್ದೂ ಹೀಗಾಗಿದ್ದರೆ ಹೂ ಅರಳುವ ಒಂದು ವಾರ ಮೊದಲು ಬೋರಿಕ್ ಆಮ್ಲ ಲೀಟರ್ ನೀರಿಗೆ 1 ಗ್ರಾಂ, ಒಂದೇ ಸಲ ಸಿಂಪಡಿಸಿ. ಕೊರತೆಗೂ ವಿಷಕ್ಕೂ ನಡುವಿನ ಅಂತರ ಬೋರಾನ್‌ನಲ್ಲಿ ತೀರಾ ಕಡಿಮೆ. ಎರಡು ಗ್ರಾಂ ಹಾಕಿದರೆ ಇನ್ನೂ ಒಳ್ಳೆಯದು ಅಂದುಕೊಂಡರೆ ಎಲೆಯಂಚು ಸುಡುತ್ತದೆ.

ಹಿತ್ತಲಬಳ್ಳಿ:

ಗಂಟು ನೋಡಿಯಾಯಿತು, ಕೆಳಗಿನಿಂದ ಏನೂ ಬಂದಿಲ್ಲ. ಯೂರಿಯಾ ನಿಂತಿತು. ಬೂದಿಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆದರೆ ಸಾಕೇ? ಇನ್ನೊಂದು: ಮಾರುಕಟ್ಟೆಯ ಹಣ್ಣಿನಷ್ಟು ಕಾಯಿ ದಪ್ಪ ಮಾಡಲು ಜಿಬ್ಬರೆಲಿಕ್ ಆಮ್ಲ ಬೇಕೇ ಬೇಕೇ?

ಎಲೆಯಡಿ:

ಬೋರ್ಡೋ ಬೇರೆ ರೋಗಕ್ಕೆ. ಎರಡನ್ನೂ ಬೇರ್ಪಡಿಸಿಕೊಳ್ಳಿ. ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಮಚ್ಚೆ, ತಿರುಗಿಸಿ ನೋಡಿದರೆ ಅದರಡಿಯಲ್ಲಿ ಮಾತ್ರ ಬಿಳಿ ಬೂಜು ಇದ್ದರೆ ಅದು ಡೌನಿ ಎಂಬ ಬೂಜು ರೋಗ. ಮಳೆ, ಇಬ್ಬನಿಯಿಂದ ಎಲೆ ಒದ್ದೆಯಾದಾಗ ಬರುತ್ತದೆ. ಅದಕ್ಕೆ ಬೋರ್ಡೋ ಸರಿ, ಅದೂ ಮಚ್ಚೆ ಕಾಣುವ ಮೊದಲೇ. ನಿಮ್ಮದು ಎಲೆಯ ಮೇಲ್ಭಾಗದಲ್ಲಿ ಒರೆಸಿದರೆ ಹೋಗುವ ಬೂದಿ ತಾನೆ? ಅದಕ್ಕೆ ಒದ್ದೆ ಎಲೆ ಬೇಕಿಲ್ಲ. 20ರಿಂದ 27 ಡಿಗ್ರಿ ಉಷ್ಣಾಂಶ, ನೆರಳು, ಗಾಳಿಯಾಡದ ಚಪ್ಪರ ಇದ್ದರೆ ಆಯಿತು. ಎಳೇ ಕಾಯಿಗೆ ತಗುಲಿದರೆ ಸಿಪ್ಪೆ ಹಿಗ್ಗದೆ ಕಾಯಿ ಬಿರಿಯುತ್ತದೆ.

ಮದ್ದು ಗಂಧಕ. ನೀರಲ್ಲಿ ಬೆರೆಯುವ ಪುಡಿ, ಲೀಟರಿಗೆ 2 ಗ್ರಾಂ, ಚಿಗುರು ಒಂದು ಗೇಣು ಆದಾಗಿನಿಂದ ಕಾಯಿ ಬಟಾಣಿ ಗಾತ್ರ ಆಗುವ ತನಕ ಹತ್ತು ದಿನಕ್ಕೊಮ್ಮೆ. ಉಷ್ಣಾಂಶ 32 ಡಿಗ್ರಿ ದಾಟುವ ದಿನ ಬೇಡ, ಎಲೆ ಸುಡುತ್ತದೆ. ಬೇವಿನೆಣ್ಣೆ ಅಥವಾ ಯಾವುದೇ ಎಣ್ಣೆ ಸಿಂಪಡಿಸಿದ್ದರೆ ಎರಡು ವಾರ ಅಂತರ ಇರಲಿ. ಕಾನ್‌ಕಾರ್ಡ್‌ನಂಥ ಲಾಬ್ರುಸ್ಕಾ (ಅಮೆರಿಕದ ದ್ರಾಕ್ಷಿ ಜಾತಿ) ರಕ್ತದ ತಳಿಗಳಿಗೆ ಗಂಧಕವೇ ಆಗದು, ಥಾಮ್ಸನ್‌ಗೆ ತೊಂದರೆಯಿಲ್ಲ. ಆದರೆ ಗೊಂಚಲಿನ ಸುತ್ತಲಿನ ಎರಡು ಮೂರು ಎಲೆ ಕಿತ್ತು ಗಾಳಿ ಬಿಡದೆ ಬರೀ ಪುಡಿ ಹೊಡೆಯುತ್ತ ಹೋದರೆ ಪುಡಿ ಖರ್ಚಾಗುತ್ತದೆ, ಅಷ್ಟೇ. ಎಲೆ ಕೀಳುವುದು ಮುಂಜಾನೆ ಬಿಸಿಲಿನ ಕಡೆಯದು. ಸಂಜೆ ಬಿಸಿಲಿನ ಕಡೆ ಕಿತ್ತರೆ ಕಾಯಿ ಬೇಯುತ್ತದೆ.

ಗೊಂಚಲುತೂಕ:

ಜಿಬ್ಬರೆಲಿಕ್ ಬೇಕೇ ಬೇಕು ಅಂತೇನಿಲ್ಲ. ಬೀಜವೇ ಕಾಯಿಗೆ ಆ ಹಾರ್ಮೋನು ಒದಗಿಸುತ್ತದೆ, ಬೀಜ ಇಲ್ಲದ ಕಾಯಿ ಅದಿಲ್ಲದೆ ಸಣ್ಣದಾಗುವುದು ಸಹಜ. ತೋಟದವರು ಹೊರಗಿನಿಂದ ಕೊಡುತ್ತಾರೆ. ಅದರಲ್ಲಿ ಪ್ರಮಾಣ, ದಿನ ತಪ್ಪಿದರೆ ಗೊಂಚಲಿನ ತೊಟ್ಟು ಕಟ್ಟಿಗೆಯಾಗುತ್ತದೆ, ಅತಿಯಾದರೆ ಮುಂದಿನ ಬೆಳೆಯ ಕಣ್ಣುಗಳೂ ಬರಡಾಗುತ್ತವೆ. ಹಿತ್ತಲಿನ ಹಣ್ಣು ಸಣ್ಣದಿದ್ದರೂ ರುಚಿಗೆ ಮೋಸವಿಲ್ಲ.

ಕತ್ತರಿಯಿಂದಲೇ ಬಹಳಷ್ಟು ಸಾಧಿಸಬಹುದು. ಒಂದು ಚಿಗುರಿಗೆ ಒಂದೇ ಗೊಂಚಲು. ಆ ಚಿಗುರಿನಲ್ಲಿ ಕನಿಷ್ಠ 12ರಿಂದ 15 ದೊಡ್ಡ ಎಲೆ ಇರಲಿ, ಇಲ್ಲದಿದ್ದರೆ ಸಕ್ಕರೆ ತುಂಬುವುದಿಲ್ಲ. ಮೂರು ವರ್ಷದ ಬಳ್ಳಿಗೆ ಮೊದಲ ಬೆಳೆಯಲ್ಲಿ 20ರಿಂದ 25 ಗೊಂಚಲು ಸಾಕು, ಉಳಿದದ್ದನ್ನು ಮನಸ್ಸು ಗಟ್ಟಿ ಮಾಡಿ ತೆಗೆದುಬಿಡಿ. ಕಾಯಿ 4ರಿಂದ 5 ಮಿ.ಮೀ. ಆದಾಗ ಗೊಂಚಲಿನ ಕೆಳಗಿನ ಮೂರನೇ ಒಂದು ಪಾಲು ಕತ್ತರಿಸಿ, ಉಳಿದುದರಲ್ಲಿ ಒಳಮುಖವಾದ, ಸೂಜಿತಲೆಯಂಥ ಕಾಯಿಗಳನ್ನು ಮೂತಿ ಚೂಪಾದ ಸಣ್ಣ ಕತ್ತರಿಯಿಂದ ತೆಗೆಯಿರಿ. ಮುಗಿದಾಗ ಗೊಂಚಲು ಬೋಳಾಗಿ ಕಾಣಬೇಕು. ಎರಡು ವಾರ ತಡವಾದರೆ ಲಾಭ ಅರ್ಧಕ್ಕಿಳಿಯುತ್ತದೆ, ಕತ್ತರಿ ತೂರಿಸಲೂ ಜಾಗ ಇರುವುದಿಲ್ಲ.

ಕಾಂಡದ ತೊಗಟೆಯನ್ನು 4 ಮಿ.ಮೀ. ಅಗಲಕ್ಕೆ ಉಂಗುರವಾಗಿ ತೆಗೆಯುವ ಪದ್ಧತಿಯೂ ಇದೆ. ಬೇರಿಗೆ ಇಳಿಯುವ ಸಕ್ಕರೆ ಕೆಲವು ವಾರ ಮೇಲೇ ನಿಂತು ಕಾಯಿ ಹಿಗ್ಗುತ್ತದೆ. ನಿಮ್ಮ ಬಳ್ಳಿ ಅದಕ್ಕಿನ್ನೂ ಚಿಕ್ಕದು. ಕತ್ತಿ ಒಳಮರಕ್ಕೆ ತಾಗಿದರೆ ಬಳ್ಳಿಯೇ ಹೋಗುತ್ತದೆ.

ಹಿತ್ತಲಬಳ್ಳಿ:

ಕೊನೆಯ ಪ್ರಶ್ನೆ. ನೀರು ಯಾವಾಗ ಕಡಿಮೆ ಮಾಡಬೇಕು, ಕೊಯ್ಲಿನ ಗುರುತು ಏನು?

ಮಣ್ಣುಹುಳ:

ಕಾಯಿ ಬೆಳೆಯುವಾಗ ಮಣ್ಣು ಒಂದು ಅಡಿ ಆಳದವರೆಗೆ ಸದಾ ಸ್ವಲ್ಪ ತೇವವಿರಲಿ. ಕಾಯಿ ಮೆತ್ತಗಾಗಿ ಹೊಳಪು ಬಂದ ಮೇಲೆ ನೀರನ್ನು ಹಂತ ಹಂತವಾಗಿ ತಗ್ಗಿಸಿ, ಪೂರ್ತಿ ನಿಲ್ಲಿಸಬೇಡಿ. ಒಣಗಿಸಿ ಒಣಗಿಸಿ ಒಮ್ಮೆಲೇ ಹರಿಸಿದರೆ ಹಣ್ಣು ಬಿರಿಯುತ್ತದೆ, ಬಿರುಕಿಗೆ ಕೊಳೆ, ಕಣಜ ಎರಡೂ ಬರುತ್ತವೆ. ಹಕ್ಕಿ ಕಾಟ ಇದ್ದರೆ ಈ ಹಂತದಲ್ಲೇ ಗೊಂಚಲಿಗೆ ಕಾಗದದ ಚೀಲ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಕೊಳೆಯುತ್ತದೆ.

ಗೊಂಚಲುತೂಕ:

ಬಣ್ಣ ನಂಬಬೇಡಿ. ಹಸಿರು ಹೋಗಿ ತುಸು ಹೊಂಬಣ್ಣ ಬಂದ ಮೇಲೆ ಗೊಂಚಲಿನ ತೀರಾ ತುದಿಯ ಕಾಯಿ ತಿಂದು ನೋಡಿ, ಎಲ್ಲಕ್ಕಿಂತ ಕೊನೆಗೆ ಹಣ್ಣಾಗುವುದು ಅದೇ. ಅದು ಸಿಹಿಯಾಗಿದ್ದರೆ ಗೊಂಚಲು ಸಿದ್ಧ. ರಸದ ಸಕ್ಕರೆ ಅಳೆಯುವ ಬ್ರಿಕ್ಸ್ ಮಾಪಕ ಇದ್ದರೆ 18 ತೋರಿಸಬೇಕು. ಬಾಳೆ, ಮಾವಿನ ಹಾಗೆ ಇದು ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಹುಳಿ ಇರುವಾಗ ಕಿತ್ತರೆ ಹುಳಿಯೇ ಉಳಿಯುತ್ತದೆ. ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ತೊಟ್ಟು ಹಿಡಿದು ಕತ್ತರಿಸಿ. ಸಿಪ್ಪೆಯ ಮೇಲಿನ ಬಿಳಿ ಮೇಣ ಒರೆಸಬೇಡಿ, ತಿನ್ನುವ ಮುಂಚೆ ತೊಳೆದರಾಯಿತು.