ಸಲಾಲಾ ಬೆಟ್ಟದವರು ಮಾತಾಡುವುದು ಅರಬ್ಬಿ ಅಲ್ವಾ?

ಕಾರ್ಕಳದವ:
ನಮಸ್ಕಾರ. ನಾನು ಒಮಾನಿನ ಸಲಾಲಾದಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಂದು ಮೂರು ವರ್ಷ ಆಯಿತು. ಇಲ್ಲಿ ರಸ್ತೆ ಬದಿಗೆ ಎಳನೀರು, ಬಾಳೆ, ಪಪ್ಪಾಯಿ ಸಿಗುತ್ತದೆ. ಜೂನ್ ಕೊನೆಗೆ ಮುಂಗಾರು ಇಲ್ಲಿಗೂ ತಾಗಿ ಬೆಟ್ಟ ಹಸಿರಾಗುತ್ತದೆ. ಅದಕ್ಕೆ ಖರೀಫ್ ಅನ್ನುತ್ತಾರೆ. ನಮ್ಮ ಖಾರಿಫ್ ಬೆಳೆಯ ಅದೇ ಪದ. ಮಳೆ ಮಾತ್ರ ಬರೀ ತುಂತುರು, ಆಟಿ ತಿಂಗಳ ಮಳೆ ನೋಡಿದವರಿಗೆ ಇದು ಮಳೆಯೇ ಅಲ್ಲ.

ವಿಷಯ ಇದು. ಜೊತೆಗೆ ಕೆಲಸ ಮಾಡುವ ಹುಡುಗ ಬೆಟ್ಟದವನು, ಮನೆಯಲ್ಲಿ ದನ, ಒಂಟೆ ಸಾಕಿದ್ದಾರೆ. ಗಿರಾಕಿಗಳ ಹತ್ತಿರ ಅರಬ್ಬಿ ಮಾತಾಡುತ್ತಾನೆ. ಅಮ್ಮನ ಫೋನ್ ಬಂದರೆ ಬೇರೆಯೇ ಏನೋ. ನನಗೆ ಅರಬ್ಬಿ ಸುಮಾರಾಗಿ ಬರುತ್ತದೆ, ಇದು ಒಂಚೂರೂ ತಿಳಿಯುವುದಿಲ್ಲ. ಅರಬ್ಬಿಯಲ್ಲಿ ಒಂದು, ಎರಡಕ್ಕೆ ವಾಹಿದ್, ಇತ್ನೈನ್. ಇವನದು ಟಾದ್, ಥ್ರೋ!

'ಇದು ಅರಬ್ಬಿಯ ಹಳ್ಳಿ ಮಾತಲ್ವಾ?' ಅಂದೆ. ಅವನ ಮುಖ ಸಣ್ಣಗಾಯಿತು. ನಾನು ತುಳುವ. ಬೆಂಗಳೂರಿನಲ್ಲಿ ಯಾರಾದರೂ 'ತುಳು ಅಂದರೆ ಒಂಥರಾ ಕನ್ನಡವೇ ಅಲ್ವಾ' ಅಂದಾಗ ನನಗೆ ಆಗುತ್ತಿದ್ದದ್ದೂ ಹೀಗೆಯೇ. ಗೊತ್ತಿದ್ದವರು ಹೇಳಿ, ಇದು ಯಾವ ಭಾಷೆ?

ಶಿರಸಿ ಮೇಷ್ಟ್ರು:
ತಮ್ಮಾ, ಮೊದಲು ಆ ಹುಡುಗನಿಗೆ ಒಂದು ಚಹಾ ಕೊಡಿಸು. ಅದು ಜಿಬ್ಬಾಲಿ. ಜಬಲ್ ಅಂದರೆ ಅರಬ್ಬಿಯಲ್ಲಿ ಬೆಟ್ಟ. ಶೆಹ್ರಿ ಅಂತಲೂ ಹೆಸರಿದೆ. ಅರಬ್ಬಿಯ ಮಗಳಲ್ಲ, ದೂರದ ಅಕ್ಕತಂಗಿ. ಮೆಹ್ರಿ, ಸೊಕೊತ್ರಾ ದ್ವೀಪದ ಸೊಕೊತ್ರಿ, ಹರ್ಸೂಸಿ, ಹೊಬ್ಯೋತ್, ಬತ್ಹರಿ ಸೇರಿಸಿ ಆರು ಭಾಷೆಗಳ ಒಂದು ಸಣ್ಣ ಗುಂಪು ಅದು. ಯೆಮನ್, ಒಮಾನಿನ ಆ ಅಂಚಿನಲ್ಲಿ ಉಳಿದುಕೊಂಡಿದೆ. ಶಾಲೆ, ಕಚೇರಿ ಎಲ್ಲ ಅರಬ್ಬಿಯಲ್ಲಿ. ಇವು ಮನೆಯೊಳಗಿನ ಮಾತು.

ನಾನು ಇಥಿಯೋಪಿಯಾದ ಗೊಂಡರ್‌ನಲ್ಲಿ ಐದು ವರ್ಷ ಗಣಿತ ಪಾಠ ಮಾಡಿದವನು. ಅರಬ್ಬಿ, ಹೀಬ್ರೂ, ಈ ಜಿಬ್ಬಾಲಿ ಎಲ್ಲ ಸೆಮಿಟಿಕ್ ಎಂಬ ಒಂದೇ ಭಾಷಾ ಕುಟುಂಬ. ಅಲ್ಲಿಯ ಅಮ್ಹಾರಿಕ್ ಕೂಡ ಅದೇ. ಮನೆಗೆ ಅರಬ್ಬಿಯಲ್ಲಿ ಬೈತ್, ಹೀಬ್ರೂದಲ್ಲಿ ಬಯಿತ್, ಅಮ್ಹಾರಿಕ್‌ನಲ್ಲಿ ಬೇತ್. ತಲೆಗೆ ರಾಸ್, ರೋಶ್, ರಾಸ್. ಅಲ್ಲಿ ಕಾಗುಣಿತವೂ ಇದೆ: ಹೆ ಹು ಹಿ ಹಾ ಹೇ ಹ್ ಹೋ ಅಂತ ಮಕ್ಕಳು ರಾಗವಾಗಿ ಹೇಳುತ್ತಾರೆ. ಮೊದಲ ದಿನ ಕಿಟಕಿಯಿಂದ ಅದು ಕೇಳಿ ನಮ್ಮ ಒಂದನೇ ಕ್ಲಾಸೇ ಅಂತ ನಿಂತುಬಿಟ್ಟೆ. 'ಇನೆ ಬುನ್ನಾ ಇತೆತ್ತಾಲೆಹು' ಅಂದರೆ ನಾನು ಕಾಫಿ ಕುಡಿಯುತ್ತೇನೆ. ಪದದ ಸಾಲು ಕೂಡ ನಮ್ಮದೇ, ಕ್ರಿಯಾಪದ ಕೊನೆಗೆ! ಅರಬ್ಬಿಯಲ್ಲಿ ಹಾಗಿಲ್ಲ. ಕುಶಿಟಿಕ್ ಎಂಬ ಬೇರೆ ಗುಂಪಿನ ನೆರೆಯ ಭಾಷೆಗಳ ಸಹವಾಸದಿಂದ ಹೀಗಾಯಿತು ಅನ್ನುತ್ತಾರೆ. (ಬುನ್ನಾದ ವಿಷಯಕ್ಕೆ ಹೋದರೆ ನಾನು ನಿಲ್ಲಿಸುವುದಿಲ್ಲ. ಒಮ್ಮೆ ಕೂತರೆ ಮೂರು ಸುತ್ತು ಕುಡಿಸುತ್ತಾರೆ.)

ಈಗ ನಿನ್ನ ಊಟಕ್ಕೆ ಬರೋಣ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಲಬನ್ ಕುಡಿಯುತ್ತೀಯಲ್ಲ?

ಕಾರ್ಕಳದವ:
ದಿನಾ ಕುಡಿಯುತ್ತೇನೆ ಸರ್. ಮಜ್ಜಿಗೆ ಇದ್ದ ಹಾಗೆ ಇರುತ್ತದೆ.

ಶಿರಸಿ ಮೇಷ್ಟ್ರು:
ಲ-ಬ-ನ. ಮೂರು ವ್ಯಂಜನ, ಅದೇ ಬೇರು. ಅರ್ಥ ಬಿಳಿ. ಸ್ವರ ಬದಲಿಸುತ್ತಾ ಹೋದರೆ ಪದ ಹುಟ್ಟುತ್ತದೆ. ಲಬನ್ ಅಂದರೆ ಹಾಲು, ಮಜ್ಜಿಗೆ. ಹೀಬ್ರೂದಲ್ಲಿ ಲಾವಾನ್ ಅಂದರೆ ಬಿಳಿ, ಲೆವಾನಾ ಅಂದರೆ ಚಂದ್ರ. ಹಿಮದ ಬೆಟ್ಟವಿರುವ ನಾಡು ಲೆಬನಾನ್. ನಿಮ್ಮ ಬೆಟ್ಟಗಳ ಆಚೆ ಮರ ಗೀರಿ ತೆಗೆಯುವ ಅಂಟು ಲುಬಾನ್. ಅದೇ ನಮ್ಮ ಲೋಬಾನ! ಸಂತೆ ದಿನ ಅಂಗಡಿ ಅಂಗಡಿಗೆ ಹೊಗೆ ಹಾಕಿಕೊಂಡು ಬರುತ್ತಿದ್ದರಲ್ಲ, ಆ ಪದ ಹುಟ್ಟಿದ್ದು ಈ ಬೇರಿನಿಂದ.

ಸುಮ್ನೆ ಕೇಳಿದೆ:
ಸೆಮಿಟಿಕ್ ಅಂದರೆ ಯಹೂದಿಗಳು ಅಂತ ಓದಿದ ನೆನಪು. ಒಮಾನಿನವರು, ಇಥಿಯೋಪಿಯಾದವರು ಎಲ್ಲ ಹೇಗೆ ಒಂದೇ ಜನಾಂಗ ಆಗುತ್ತಾರೆ?

ಶಿರಸಿ ಮೇಷ್ಟ್ರು:
ಆಗುವುದಿಲ್ಲ. ಅದು ಭಾಷೆಗೆ ಇಟ್ಟ ಹೆಸರು. ಜರ್ಮನಿಯ ಶ್ಲೋಟ್ಸರ್ ಎಂಬ ವಿದ್ವಾಂಸ 1781ರಲ್ಲಿ ಬೈಬಲ್ಲಿನ ನೋಹನ ಮಗ ಶೇಮನ ಹೆಸರು ತಗೊಂಡು ಬಳಸಿದ. ಆ ವಂಶಾವಳಿಯೇ ಭಾಷೆಗೆ ಹೊಂದುವುದಿಲ್ಲ. ಅದರಲ್ಲಿ ಕಾನಾನ್ ನೋಹನ ಇನ್ನೊಬ್ಬ ಮಗ ಹಾಮನ ಮಗ. ಆದರೆ ಅವನ ಹೆಸರಿನ ಕಾನಾನ್ ನಾಡಿನ ಭಾಷೆ ಹೀಬ್ರೂಗೆ ತೀರಾ ಹತ್ತಿರದ ಸಂಬಂಧಿ. ಏಲಾಮ್ ಶೇಮನ ಮಗ, ಏಲಾಮ್ ನಾಡಿನ ಭಾಷೆ ಈ ಕುಟುಂಬದ್ದೇ ಅಲ್ಲ. ನಮ್ಮಲ್ಲೂ ದ್ರಾವಿಡ ಅಂತ ಭಾಷೆಗೆ ಇಟ್ಟ ಹೆಸರನ್ನು ಜನರ ರಕ್ತಕ್ಕೆ ಅಂಟಿಸಿ ಜಗಳ ಮಾಡುತ್ತೇವಲ್ಲ, ಹಾಗೆ.

ಮೊಳಕಾಲ್ಮೂರು ಮಗ್ಗ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬರೆದ ಚಪಡ ಎಂಬಾತ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಕೆತ್ತಿ, ಕೊನೆಯ 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಪದ ಒಂದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಂದದ್ದು ಅರಮಾಯಿಕ್ ಲಿಪಿಯಿಂದ ಅನ್ನುತ್ತಾರೆ. ಅರಮಾಯಿಕ್ ಕೂಡ ಸೆಮಿಟಿಕ್ ಅಲ್ವಾ ಮೇಷ್ಟ್ರೇ?

ಶಿರಸಿ ಮೇಷ್ಟ್ರು:
ಹೌದು ಹೌದು! ಆ ಬಂಡೆ ನೋಡಿದ್ದೇನೆ, ಈ ಸಂಬಂಧ ಹೊಳೆದಿರಲಿಲ್ಲ.

ಕಾರ್ಕಳದವನಿಗೆ ಇನ್ನೊಂದು. ಹಳೇ ಸೆಮಿಟಿಕ್‌ನಲ್ಲಿ ಮೂರು ಥರ 'ಸ' ಇತ್ತು. ಅರಬ್ಬಿಯಲ್ಲಿ ಎರಡೇ ಉಳಿದವು. ಮೂರನೆಯದು ಜಿಬ್ಬಾಲಿ, ಮೆಹ್ರಿಗಳಲ್ಲಿ ಈಗಲೂ ಇದೆ. ನಾಲಿಗೆಯನ್ನು 'ಲ' ಜಾಗಕ್ಕಿಟ್ಟು ಪಕ್ಕದಿಂದ ಗಾಳಿ ಊದಬೇಕು. ಹೀಬ್ರೂದ ಸುಗಂಧದ ಪದ 'ಬೋಸೆಮ್' ಗ್ರೀಕರಿಗೆ 'ಬಾಲ್ಸಮೋನ್' ಆಗಿ ಕೇಳಿಸಿತು. ಆ 'ಲ್' ಎಲ್ಲಿಂದ ಬಂತು? ಈ ಉಚ್ಚಾರದಿಂದ ಅನ್ನುತ್ತಾರೆ. ತಲೆನೋವಿಗೆ ಹಚ್ಚುವ ನಮ್ಮ ಬಾಮ್ ಅದರ ಮೊಮ್ಮಗ. ಆ ಹುಡುಗನಿಗೆ ಅವನ ಭಾಷೆಯಲ್ಲಿ ಹತ್ತು ಅನ್ನಲು ಹೇಳು, ಆ ಅಕ್ಷರ ಅದರಲ್ಲಿದೆ.

ಕಾರ್ಕಳದವ:
ಇವತ್ತು ಚಹಾ ಕೊಡಿಸಿ ಕ್ಷಮೆ ಕೇಳಿದೆ. ಹತ್ತು ಹೇಳಿಸಿದೆ. ನಾನು ಊದಿದರೆ ಬರೀ ಉಗುಳು ಹಾರಿತು, ಬಿಲ್ ಪುಸ್ತಕದ ಮೇಲೆ. ಅವನು ನಕ್ಕು ನಕ್ಕು ಅಮ್ಮನಿಗೆ ಫೋನ್ ಹಚ್ಚಿ, 'ಇವನಿಗೆ ನೀನೇ ಹೇಳಿಕೊಡು' ಅಂತ ನನ್ನ ಕೈಗೆ ಕೊಟ್ಟ.