ತರಗತಿಯಲ್ಲಿ ವೈಫೈ, ಮಕ್ಕಳ ಕೈಯಲ್ಲಿ ಟ್ಯಾಬ್: ಶಾಲೆಯನ್ನು ಏನೆಂದು ಕೇಳಬೇಕು?

ಪ್ರಶ್ನೆ (ಪೋಷಕಿ, ಕುವೆಂಪುನಗರ, ಮೈಸೂರು)

ನಮಸ್ಕಾರ. ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಬರುವ ಜೂನ್‌ನಿಂದ ಪ್ರತಿ ಕೊಠಡಿಗೂ ವೈಫೈ ರೂಟರ್ ಅಳವಡಿಸಿ ಮಕ್ಕಳಿಗೆ ಟ್ಯಾಬ್ ಕೊಡುವುದಾಗಿ ಪೋಷಕರ ಸಭೆಯಲ್ಲಿ ತಿಳಿಸಿದರು. ವಿಕಿರಣದ ಮಾತೆತ್ತಿದವರಿಗೆ ‘ಎಲ್ಲವೂ ಸುರಕ್ಷಿತ’ ಎಂಬ ಒಂದೇ ಉತ್ತರ ಸಿಕ್ಕಿತು. ಶಾಲೆಯ ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರ್ ಬೇರೆ ಇದೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಭಯವನ್ನು ಬದಿಗಿಟ್ಟು, ತಿಳಿದವರ ಮಾತಿನ ಆಧಾರದ ಮೇಲೆ ಶಾಲೆಗೆ ಒಂದು ಪತ್ರ ಬರೆಯಬೇಕೆಂದಿದ್ದೇನೆ. ಅದರಲ್ಲಿ ಏನು ಕೇಳಲಿ?

ಉತ್ತರ 1 (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮಂಡ್ಯ)

ಮೇಡಂ, ಎಕ್ಸ್‌ರೇಗೂ ವೈಫೈಗೂ ‘ವಿಕಿರಣ’ ಎಂಬ ಒಂದೇ ಪದ ಬಳಸುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ರೂಟರಿನ ಅಲೆಗಳಿಗೆ ಅಣುಗಳ ಬಂಧ ಮುರಿಯುವಷ್ಟು ಶಕ್ತಿಯಿಲ್ಲ. ಇಂಥ ಅಲೆಗಳು ಪ್ರಬಲವಾಗಿದ್ದರೆ ದೇಹವನ್ನು ಬಿಸಿಮಾಡಬಲ್ಲವು, ಆದರೆ ಸುಮಾರು 0.1 ವ್ಯಾಟ್ ಹೊರಸೂಸುವ ಸಾಧನದಿಂದ ಅಂಥ ಬಿಸಿ ಆಗುವುದಿಲ್ಲ. ಮೇಲಾಗಿ, 30 ಸೆಂಟಿಮೀಟರ್ ದೂರದಲ್ಲಿರುವ ತೀವ್ರತೆ 3 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಗೋಡೆಯ ಮೇಲಿನ ರೂಟರಿಗಿಂತ ಕಿವಿಗೊತ್ತಿದ ಫೋನನ್ನೇ ಮೊದಲು ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಕಡೆ ಕಬ್ಬಿನ ಗದ್ದೆಗಳ ನಡುವಿನ ಮನೆಗಳಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರುತ್ತದೆ; ಅಲ್ಲಿ ಫೋನು ದೂರದ ಟವರನ್ನು ಮುಟ್ಟಲು ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಟವರ್ ಹತ್ತಿರವಿದ್ದಷ್ಟೂ ಫೋನಿನಿಂದ ತಲೆಗೆ ತಾಗುವುದು ಕಡಿಮೆ ಎಂದರೆ ನಮ್ಮ ಮನೆಯವರೇ ನಂಬುವುದಿಲ್ಲ!

ಭಾರತ 2012ರ ಸೆಪ್ಟೆಂಬರ್‌ನಲ್ಲಿ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದಕ್ಕೆ ಇಳಿಸಿತು. ಫೋನುಗಳಿಗೆ, ದೇಹ ಹೀರಿಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ದೇಹದ ಕಿಲೋಗ್ರಾಂ ತೂಕಕ್ಕೆ 1.6 ವ್ಯಾಟ್ ಎಂಬ ಮಿತಿಯಿದೆ. *#07# ಒತ್ತಿದರೆ ಹಲವು ಫೋನುಗಳು ತಮ್ಮ ಅಂಕಿಯನ್ನು ತೋರಿಸುತ್ತವೆ. ಟವರಿನ ಬಗ್ಗೆ ಸಂಶಯವಿದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣವನ್ನು ನೋಡಿ.

ಉತ್ತರ 2 (ವಿಜಯನಗರ, ಮೈಸೂರು)

ಸರ್, ತಮ್ಮ ಲೆಕ್ಕವನ್ನು ಒಪ್ಪುತ್ತೇನೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ಅಲೆಗಳನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತಲ್ಲವೇ? ಫ್ರಾನ್ಸ್ 2015ರಲ್ಲಿ ಕಾನೂನು ಮಾಡಿ, ಮೂರು ವರ್ಷದೊಳಗಿನ ಮಕ್ಕಳ ಪಾಲನಾಗೃಹಗಳಲ್ಲಿ ವೈಫೈಯನ್ನು ನಿಷೇಧಿಸಿತು. ಪ್ರಾಥಮಿಕ ಶಾಲೆಗಳಲ್ಲಿ ಪಾಠಕ್ಕೆ ಬಳಸದಿರುವಾಗ ಅದನ್ನು ಆರಿಸಿಡಬೇಕೆಂದಿತು. ಒಂದು ಸ್ವಿಚ್ ಒತ್ತಲು ಶಾಲೆಗೆ ಖರ್ಚೇನೂ ಇಲ್ಲ.

ಉತ್ತರ 1ರವರ ಪ್ರತಿಕ್ರಿಯೆ

ಸ್ವಿಚ್ ಆರಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಲೋಳೆಸರದ ಇಡೀ ಎಲೆಯ ಸಾರವೂ ಅದೇ 2ಬಿ ಗುಂಪಿನಲ್ಲಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿ 2024ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಂಡುಬಂದಿಲ್ಲ.

ಉತ್ತರ 3 (ಇಬ್ಬರು ಮಕ್ಕಳ ತಾಯಿ, ಸರಸ್ವತಿಪುರಂ)

ನನ್ನ ಮಗನಿಗೆ ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಬೇಕಾಯಿತು. ಕಣ್ಣಿನ ವೈದ್ಯರು ರೂಟರಿನ ಬಗ್ಗೆ ಏನನ್ನೂ ಕೇಳಲಿಲ್ಲ. ಹುಡುಗ ದಿನಕ್ಕೆ ಎಷ್ಟು ಹೊತ್ತು ಬಯಲಿನಲ್ಲಿ ಆಡುತ್ತಾನೆ ಎಂದು ಕೇಳಿದರು. ಉತ್ತರ ಹೇಳಲು ನನಗೇ ನಾಚಿಕೆಯಾಯಿತು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಹೊರಗೆ ಬಿಟ್ಟಾಗ, ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ದೋಷ ಬಂದವರ ಪ್ರಮಾಣ ಶೇ. 30ರಷ್ಟಿತ್ತು, ಉಳಿದ ಶಾಲೆಗಳಲ್ಲಿ ಅದು ಸುಮಾರು ಶೇ. 40 ಆಗಿತ್ತು. ನಿಮ್ಮ ಶಾಲೆ ಟ್ಯಾಬ್ ಅವಧಿಯನ್ನು ಆಟದ ಪೀರಿಯಡ್‌ನಿಂದ ಕತ್ತರಿಸುತ್ತದೆಯೇ ಎಂಬುದನ್ನು ಮೊದಲು ಕೇಳಿ. ಟ್ಯಾಬ್ ಜೊತೆ ಹೆಡ್‌ಫೋನ್ ಕೊಡುವುದಾದರೆ ಧ್ವನಿಯ ಮಿತಿಯನ್ನೂ ಕೇಳಿ: ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಶ್ರವಣ ಪರೀಕ್ಷೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಮಗೆಲ್ಲ ಹತ್ತಿರದಲ್ಲೇ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಟವರನ್ನು ಪತ್ರದಿಂದ ಕೈಬಿಟ್ಟೆ. ದಿನಕ್ಕೆ ಎಷ್ಟು ನಿಮಿಷ ಟ್ಯಾಬ್, ಆಟದ ಪೀರಿಯಡ್ ಉಳಿಯುತ್ತದೆಯೇ, ಹೋಮ್‌ವರ್ಕ್ ಪುಸ್ತಕದಲ್ಲೋ ಪರದೆಯಲ್ಲೋ, ಹೆಡ್‌ಫೋನಿನ ಧ್ವನಿಗೆ ಮಿತಿಯಿದೆಯೇ ಎಂದಷ್ಟೇ ಕೇಳಿದ್ದೇನೆ. ವಿಜಯನಗರದವರ ಸ್ವಿಚ್ಚಿನ ಮಾತನ್ನು ಕೊನೆಯ ಸಾಲಿನಲ್ಲಿ ಸೇರಿಸಿದ್ದೇನೆ. ಹನ್ನೊಂದು ಪೋಷಕರು ಸಹಿ ಹಾಕಿದ್ದಾರೆ. ಸೋಮವಾರ ಪತ್ರವನ್ನು ಕಚೇರಿಗೆ ಕೊಟ್ಟು, ಬಂದ ಉತ್ತರವನ್ನು ಇಲ್ಲೇ ಹಾಕುತ್ತೇನೆ.